ಅಜ್ಜನ ಮಾತು 25ನೇ ಸಾಲಿಗೆ ನಿಂತಿತ್ತು: ಒಂದು ಭತ್ತದ ಶೀಟಿನ ಪ್ರಕರಣ

ಬೀಜ ಮೇಳಕ್ಕೆ ಒಂಬತ್ತು ದಿನ ಉಳಿದಿತ್ತು. ಕುಮಟಾ ಹತ್ತಿರದ ಒಂದು ಶಾಲೆಯ ಜಗಲಿಯಲ್ಲಿ ಪರೀಕ್ಷೆಗೆಂದು 12 ಹಾಳೆಗಳನ್ನು ಹಗ್ಗಕ್ಕೆ ಸಿಕ್ಕಿಸಿದ್ದೆವು. ಒಂದು ಹಾಳೆಗೆ ಒಂದು ನಾಟಿ ಭತ್ತದ ತಳಿ. ಎಡಗಡೆ ತಳಿಯ ಹೆಸರು, ಊರು. ಬಲಗಡೆ ಅದನ್ನು ಉಳಿಸಿಕೊಂಡು ಬಂದ ರೈತರ ಬಾಯಿಂದಲೇ ಕೇಳಿ ಬರೆದುಕೊಂಡ ಮಾತು. ಕಗ್ಗ ಭತ್ತದ ಹಾಳೆಯ ಮುಂದೆ ಒಬ್ಬ ಅಜ್ಜ ಬಂದು ನಿಂತರು. ಅದರಲ್ಲಿದ್ದದ್ದು ಅವರದೇ ಮಾತು. ಕಣ್ಣು ಮಂಜಾಗಿದ್ದರಿಂದ ಎಂಟನೇ ತರಗತಿಯ ಮೊಮ್ಮಗಳ ಕೈಲಿ ಓದಿಸಿದರು. "ಗೊಬ್ಬರ ಹಾಕಿದ್ರೆ ಪೈರು ಮತ್ತೂ ಎತ್ತರ ಬೆಳೀತದೆ" ಎಂಬಲ್ಲಿಗೆ ಅವಳ ದನಿ ನಿಂತಿತು.

"ಮುಂದೆ ಓದು," ಅಂದರು ಅಜ್ಜ.

"ಇಷ್ಟೇ ಇರೂದು ಅಜ್ಜ."

ಅಜ್ಜ ನನ್ನ ಕಡೆ ತಿರುಗಿದರು. "ತಂಗೀ, ಇಷ್ಟೇ ಬರದ್ರೆ ಗೊಬ್ಬರ ಹಾಕಿ ಅಂತ ನಾನೇ ಹೇಳಿದಂಗಾಯ್ತಲ್ಲ?"

ಅವರು ಹೇಳಿದ್ದು ಅದಕ್ಕೆ ತೀರಾ ವಿರುದ್ಧ. ಕಂಪ್ಯೂಟರ್‌ನ ಶೀಟಿನಲ್ಲಿ ಆ ವಾಕ್ಯ ಪೂರ್ತಿಯಾಗಿ ಹೀಗಿತ್ತು: "ಗೊಬ್ಬರ ಹಾಕಿದ್ರೆ ಪೈರು ಮತ್ತೂ ಎತ್ತರ ಬೆಳೀತದೆ, ಬೆಳೆದದ್ದು ತಾಳದೇ ನೀರಿಗೆ ಮಗುಚ್ತದೆ, ಅದಕ್ಕೇ ಗಜನಿಗೆ ನಾವು ಗೊಬ್ಬರ ಹಾಕೂದಿಲ್ಲ." ನಾವು ಒಂದಕ್ಷರವನ್ನೂ ಅಳಿಸಿರಲಿಲ್ಲ. ಸೆಲ್‌ನಲ್ಲಿ, ಅಂದರೆ ಶೀಟಿನ ಆ ಚೌಕದಲ್ಲಿ, ಎಲ್ಲವೂ ಇತ್ತು, ಕಾಗದಕ್ಕೆ ಮಾತ್ರ ಅರ್ಧ ಬಂದಿತ್ತು.

ಕಗ್ಗ ಗೊತ್ತಿಲ್ಲದವರಿಗೆ ಎರಡು ಮಾತು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಿವೆ, ಅವಕ್ಕೆ ಗಜನಿ ಎನ್ನುತ್ತಾರೆ. ಮಳೆಗಾಲದ ನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಬಿತ್ತುವ, ಉಪ್ಪನ್ನೂ ನಿಂತ ನೀರನ್ನೂ ತಡೆದುಕೊಂಡು ಆಳೆತ್ತರ ಬೆಳೆಯುವ ತಳಿ ಕಗ್ಗ. ಅದಕ್ಕೆ ಗೊಬ್ಬರ ಬೇಡ. ಹೊಸದಾಗಿ ಬೀಜ ಒಯ್ಯುವವರು ತಿಳಿದುಕೊಳ್ಳಬೇಕಾದ ಮೊದಲ ವಿಷಯವೇ ಅದು, ನಮ್ಮ ಹಾಳೆ ಅದನ್ನೇ ತಿರುಚಿ ಹೇಳುತ್ತಿತ್ತು. ಆ ದಿನ ರಾತ್ರಿಯಿಂದ ಮೇಳದ ಬೆಳಗಿನವರೆಗೆ ಈ ಶೀಟಿನ ಜೊತೆ ಏನೇನು ಮಾಡಿದೆವು, ಎಲ್ಲೆಲ್ಲಿ ಎಡವಿದೆವು, ಕೊನೆಗೆ ಯಾವುದು ನಿಂತಿತು ಎಂಬುದನ್ನು ಬರೆದಿಡುತ್ತಿದ್ದೇನೆ. ಕನ್ನಡದ ಉದ್ದ ಬರಹವನ್ನು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಇಟ್ಟುಕೊಂಡಿರುವ ಯಾರಿಗಾದರೂ ಇದು ಬೇಕಾಗುತ್ತದೆ.

ಶೀಟು ಹುಟ್ಟಿದ ಬಗೆ

ನಮ್ಮ ಗುಂಪಿನಲ್ಲಿ ಎಂಟು ಜನ. ಮಲೆನಾಡು, ಕರಾವಳಿ, ಹಾಸನ, ಮೈಸೂರು ಸೀಮೆಗಳಲ್ಲಿ ಓಡಾಡಿ ಮೊಬೈಲ್‌ನಲ್ಲಿ ರೈತರ ಮಾತನ್ನು ಧ್ವನಿಮುದ್ರಿಸಿಕೊಂಡು, ಅದನ್ನು ಕೇಳಿಕೊಂಡು ಒಂದೇ ಗೂಗಲ್ ಶೀಟ್‌ಗೆ ಟೈಪ್ ಮಾಡುವುದು ಪದ್ಧತಿ. ರಾಜಮುಡಿ, ರತ್ನಚೂಡಿ, ಗಂಧಸಾಲೆ, ಜೀರಿಗೆಸಣ್ಣ, ನೆರೆಗುಳಿ, ಕಗ್ಗ ಹೀಗೆ 118 ರೋ (ತಳಿಗೊಂದು ಅಡ್ಡಸಾಲು), 14 ಕಾಲಂ (ಮೇಲಿಂದ ಕೆಳಗಿನ ಸಾಲು). ಮೊದಲ 13 ಕಾಲಂಗಳಲ್ಲಿ ಚುಟುಕು ಮಾಹಿತಿ. ಹದಿನಾಲ್ಕನೆಯದು "ರೈತರ ಮಾತು". ಆ ಒಂದು ಕಾಲಂಗೋಸ್ಕರವೇ ಉಳಿದದ್ದೆಲ್ಲ ಇದೆ ಎಂದು ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ. ಎಷ್ಟು ದಿನದ ಬೆಳೆ ಎಂಬುದು ಬೇರೆ ಕಡೆಯೂ ಸಿಗಬಹುದು. ಯಾವ ವರ್ಷ ನೆರೆ ಬಂದಾಗ ಯಾವ ಮನೆಯಿಂದ ಹಿಡಿ ಬೀಜ ಕಡ ತಂದರು ಎಂಬುದು ಇನ್ನೆಲ್ಲೂ ಸಿಗುವುದಿಲ್ಲ.

ಒಂದು ಸೆಲ್‌ಗೆ ಎಷ್ಟು ಹಿಡಿಸುತ್ತದೆ ಎಂಬ ಚಿಂತೆ ನಮಗೆ ಬಂದಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಎಕ್ಸೆಲ್‌ನ ಒಂದು ಸೆಲ್ 32,767 ಅಕ್ಷರ ಹಿಡಿಯುತ್ತದೆ, ಗೂಗಲ್ ಶೀಟ್ಸ್‌ನದು 50,000. ಅಜ್ಜನ ಮಾತು 2,914 ಇತ್ತು, ನಮ್ಮಲ್ಲಿ ಅದೇ ಎಲ್ಲಕ್ಕಿಂತ ಉದ್ದ. ಹಿಡಿಸುವುದಕ್ಕೂ ಕಾಣಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ನಮಗೆ ತಿಳಿಯದೆ ಹೋದದ್ದು.

ಗೂಗಲ್ ಶೀಟ್ಸ್‌ನಲ್ಲಿ ಆ ಕಾಲಂಗೆ ರ‍್ಯಾಪ್ ಹಾಕಿದ್ದೆವು. ಬರಹ ಪಕ್ಕದ ಸೆಲ್‌ಗೆ ಹರಿಯದೆ ಕಾಲಂನ ಅಗಲದೊಳಗೇ ಮಡಚಿಕೊಂಡು ಕೆಳಕ್ಕೆ ಇಳಿಯುತ್ತಿತ್ತು, ರೋ ತಾನೇ ಎತ್ತರವಾಗುತ್ತಿತ್ತು, ಎಲ್ಲವೂ ಕಾಣುತ್ತಿತ್ತು. ಮುದ್ರಣಕ್ಕೆಂದು ಕಡತವನ್ನು ಎಕ್ಸೆಲ್‌ಗೆ ಇಳಿಸಿ, ಎ4 ಹಾಳೆಯನ್ನು ಅಡ್ಡ ಇಟ್ಟು, ಪುಟಕ್ಕೊಂದು ರೋ ಬರುವಂತೆ ಮಾಡಿದೆವು. ಆಗಲೇ ಮಾತು ತುಂಡಾದದ್ದು.

ಕಾರಣ ಇಷ್ಟೇ: ಎಕ್ಸೆಲ್‌ನಲ್ಲಿ ಒಂದು ರೋದ ಎತ್ತರ 409 ಪಾಯಿಂಟ್ ದಾಟುವುದಿಲ್ಲ. ಸೆಂಟಿಮೀಟರ್‌ನಲ್ಲಿ ಸುಮಾರು 14.4. ನಮ್ಮ ಕಾಲಂನ ಅಗಲ 50 ಇತ್ತು, ಅಂದರೆ ಸುಮಾರು 50 ಅಂಕಿ ಹಿಡಿಸುವಷ್ಟು. ಆ ಅಗಲಕ್ಕೆ ಅಜ್ಜನ ಮಾತು ಮಡಚಿದರೆ 58 ಸಾಲು. ಕನ್ನಡದ ಒಂದು ಸಾಲಿಗೆ ಸುಮಾರು 16 ಪಾಯಿಂಟ್ ಎತ್ತರ ಬೇಕು, ಹಾಗಾಗಿ 409ರೊಳಗೆ 25 ಸಾಲು ಮುಗಿಯುತ್ತಿದ್ದಂತೆ ಜಾಗವೂ ಮುಗಿಯಿತು. ಉಳಿದ 33 ಸಾಲು ಸೆಲ್‌ನ ಒಳಗೆ ಕ್ಷೇಮವಾಗಿದ್ದವು, ಕಾಣುತ್ತಿರಲಿಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಮುಂದೆ ಇನ್ನೂ ಇದೆ ಎನ್ನುವ ಮೂರು ಚುಕ್ಕಿಯೂ ಇರುವುದಿಲ್ಲ. ನೋಡಿದವರಿಗೆ ತುಂಬಿದ ಸೆಲ್‌ನಂತೆಯೇ ಕಾಣುತ್ತದೆ.

ಈ ಕತ್ತರಿ ಕನ್ನಡಕ್ಕೆ ಹೆಚ್ಚು ನೋವು ಮಾಡುತ್ತದೆ. ನಮ್ಮ ವಾಕ್ಯದ ಜೀವ ಇರುವುದು ತುದಿಯಲ್ಲಿ. ಯಾರು, ಯಾವುದು, ಎಲ್ಲಿ, ಯಾವಾಗ ಎಲ್ಲ ಹೇಳಿಯಾದ ಮೇಲೆ ಕ್ರಿಯಾಪದ ಬರುತ್ತದೆ. ಇಲ್ಲ, ಬೇಡ, ಬಾರದು, ಕೂಡದು ಎಂಬವು ಅದರ ಬೆನ್ನಿಗಂಟಿಕೊಂಡು ಬರುತ್ತವೆ. ಕೊನೆಯ ಸಾಲು ಹೋದರೆ ಮಾಡಬೇಕೋ ಮಾಡಬಾರದೋ ಎಂಬುದೇ ಹೋಗುತ್ತದೆ. ಆಡುಮಾತಿನಲ್ಲಂತೂ ರೈತರು ಒಂದು ಉಸಿರಿಗೆ ನಾಲ್ಕು ವಾಕ್ಯ ಪೋಣಿಸಿ, ನಿರ್ಣಯವನ್ನು ಕಟ್ಟಕಡೆಗೆ ಇಡುತ್ತಾರೆ. 12 ಹಾಳೆಗಳನ್ನು ಆ ರಾತ್ರಿ ಒಂದೊಂದಾಗಿ ಮೂಲದ ಜೊತೆ ಹೋಲಿಸಿದೆ. 7 ಹಾಳೆಗಳಲ್ಲಿ ಮಾತು ಅರ್ಧಕ್ಕೇ ನಿಂತಿತ್ತು. ಇನ್ನೆರಡರಲ್ಲಿ ಪರದೆಯ ಮೇಲೆ ಸರಿಯಾಗಿದ್ದ ಕೊನೆಯ ಸಾಲು ಕಾಗದದ ಮೇಲೆ ಇರಲಿಲ್ಲ. ಪರದೆ ಅಕ್ಷರದ ಅಗಲವನ್ನು ಅಳೆಯುವ ಲೆಕ್ಕ ಬೇರೆ, ಪ್ರಿಂಟರ್ ಅಳೆಯುವ ಲೆಕ್ಕ ಬೇರೆ. ಪರದೆಯಲ್ಲಿ 11 ಸಾಲಿಗೆ ಮುಗಿದದ್ದು ಕಾಗದದಲ್ಲಿ 12ಕ್ಕೆ ಹೋಗುತ್ತದೆ, ರೋದ ಎತ್ತರ ಮಾತ್ರ 11ಕ್ಕೇ ನಿಂತಿರುತ್ತದೆ.

ಮೊದಲು ಮಾಡಿದ, ಮಾಡಬಾರದಿದ್ದ ಕೆಲಸಗಳು

ಮಾರನೆಯ ದಿನ ಎಂಟು ಜನ ಎಂಟು ಉಪಾಯ ಹೇಳಿದರು. ಅವಸರದಲ್ಲಿ ಎಲ್ಲವನ್ನೂ ಮಾಡಿ ನೋಡಿದೆವು.

ಅಕ್ಷರ ಚಿಕ್ಕದು ಮಾಡುವುದು ಮೊದಲನೆಯದು. 11 ಪಾಯಿಂಟ್‌ನಿಂದ 8ಕ್ಕೆ ಇಳಿಸಿದರೂ ಅಜ್ಜನ ಮಾತಿನ ತುದಿ ಸಿಗಲಿಲ್ಲ, ಮೇಲಾಗಿ ಒತ್ತಕ್ಷರಗಳು ಚುಕ್ಕೆಗಳಾದವು. ಸೆಲ್‌ಗೆ ತಕ್ಕಂತೆ ತಾನೇ ಕುಗ್ಗುವ ಆಯ್ಕೆಯೊಂದು ಎಕ್ಸೆಲ್‌ನಲ್ಲಿದೆ, ಆದರೆ ರ‍್ಯಾಪ್ ಹಾಕಿದ ಸೆಲ್‌ಗೆ ಅದು ಸಿಗುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕು. ರೈತರು ನಿಂತು ಓದುವ ಹಾಳೆಗೆ ಅಕ್ಷರ ಕುಗ್ಗಿಸುವ ಆಲೋಚನೆಯೇ ತಪ್ಪು ಎಂದು ನನ್ನ ಅಭಿಪ್ರಾಯ.

ಎರಡನೆಯದು ಸೆಲ್‌ಗಳನ್ನು ಕೂಡಿಸುವುದು, ಮರ್ಜ್ ಎನ್ನುತ್ತೇವಲ್ಲ ಅದು. ಮೂರು ರೋ ಕೂಡಿಸಿದರೆ ಎತ್ತರ ಮೂರು ಪಟ್ಟು ಸಿಗುತ್ತದೆ ಎಂಬ ಲೆಕ್ಕ ಸರಿಯೇ ಇತ್ತು. ಆದರೆ ಕೂಡಿಸಿದ ಸೆಲ್‌ಗೆ ಬರಹಕ್ಕೆ ತಕ್ಕ ಎತ್ತರವನ್ನು ಎಕ್ಸೆಲ್ ತಾನಾಗಿ ಕೊಡುವುದಿಲ್ಲ, ಒಂದೊಂದನ್ನೂ ಕೈಯಲ್ಲಿ ಎಳೆಯಬೇಕು. ಸಂಜೆ ಯಾರೋ ಊರಿನ ಪ್ರಕಾರ ವಿಂಗಡಿಸಲು ಹೋದಾಗ, ಕೂಡಿಸಿದ ಸೆಲ್‌ಗಳೆಲ್ಲ ಒಂದೇ ಅಳತೆಯಲ್ಲಿರಬೇಕು ಎಂದು ಹೇಳಿ ಶೀಟು ನಿಂತುಬಿಟ್ಟಿತು. ಹುಡುಕಿ ವಿಂಗಡಿಸಲು ಬಾರದ ಶೀಟು ಇದ್ದೂ ಪ್ರಯೋಜನವಿಲ್ಲ. ಎಲ್ಲವನ್ನೂ ಬಿಡಿಸಿ ಮೊದಲಿನ ಹಾಗೆ ಮಾಡಲು ಒಂದು ರಾತ್ರಿ ಹಿಡಿಯಿತು.

ಮೂರನೆಯದರ ಪರಿಣಾಮ ಇನ್ನೂ ದೂರ ಹೋಯಿತು. ಸಾಲುಗಳು ಚಂದ ಕಾಣಲೆಂದು ಇಬ್ಬರು ಆಲ್ಟ್ ಒತ್ತಿ ಎಂಟರ್ ಹೊಡೆದು ಒಂದೊಂದು ಸಾಲನ್ನೂ ಕೈಯಲ್ಲೇ ಮುರಿದಿದ್ದರು. ಅವರವರ ಪರದೆಯಲ್ಲಿ ಅಚ್ಚುಕಟ್ಟಾಗಿತ್ತು. ಕಾಲಂನ ಅಗಲ ಸ್ವಲ್ಪ ಬದಲಾದ ತಕ್ಷಣ ಒಂದು ಉದ್ದ ಸಾಲು, ಅದರ ಕೆಳಗೆ ಎರಡೇ ಪದದ ತುಂಡು ಸಾಲು, ಮತ್ತೆ ಉದ್ದ ಸಾಲು ಹೀಗೆ ಹಲ್ಲು ಹಲ್ಲಾಯಿತು. ಹುಡುಕಾಟವೂ ಕೆಟ್ಟಿತು. "ಜೀರಿಗೆ ಸಣ್ಣ" ಎಂದು ಹುಡುಕಿದರೆ, "ಜೀರಿಗೆ" ಒಂದು ಸಾಲಿನ ಕೊನೆಗೂ "ಸಣ್ಣ" ಮುಂದಿನ ಸಾಲಿಗೂ ಬಿದ್ದ ಕಡೆ ಸಿಗುತ್ತಿರಲಿಲ್ಲ. ನಡುವೆ ಇದ್ದದ್ದು ಖಾಲಿ ಜಾಗವಲ್ಲ, ಸಾಲು ಮುರಿಯುವ ಕಾಣದ ಗುರುತು.

ಇದನ್ನು ತೆಗೆಯುವ ದಾರಿ ಹೇಳುತ್ತೇನೆ. ಎಕ್ಸೆಲ್‌ನಲ್ಲಿ ಹುಡುಕಿ ಬದಲಿಸುವ ಪೆಟ್ಟಿಗೆ ತೆರೆದು, ಹುಡುಕುವ ಜಾಗದಲ್ಲಿ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಪೆಟ್ಟಿಗೆಯಲ್ಲಿ ಏನೂ ಬಿದ್ದಂತೆ ಕಾಣುವುದಿಲ್ಲ, ಆದರೆ ಆ ಗುರುತು ಅಲ್ಲಿ ಕೂತಿರುತ್ತದೆ. ಬದಲಿಗೆ ಒಂದು ಖಾಲಿ ಜಾಗ ಕೊಡಿ. ಸೂತ್ರದಲ್ಲಿ ಮಾಡುವುದಾದರೆ ಒಂದರ ಬದಲು ಇನ್ನೊಂದನ್ನು ಇಡುವ ಸಬ್‌ಸ್ಟಿಟ್ಯೂಟ್ ಎಂಬ ಫಂಕ್ಷನ್‌ಗೆ (ಸಿದ್ಧ ಸೂತ್ರಕ್ಕೆ) 10ನೇ ಸಂಕೇತದ ಅಕ್ಷರವನ್ನು, ಅಂದರೆ ಆ ಗುರುತನ್ನೇ, ಕೊಟ್ಟರಾಯಿತು. ಕ್ಲೀನ್ ಎಂಬ ಫಂಕ್ಷನ್ ಬಳಸಲು ಹೋಗಬೇಡಿ. ಅದು ಆ ಗುರುತನ್ನು ತೆಗೆಯುತ್ತದೆ ನಿಜ, ಆದರೆ ಜಾಗ ಬಿಡದೆ ಎರಡು ಪದಗಳನ್ನು ಅಂಟಿಸಿಬಿಡುತ್ತದೆ. ಪ್ಯಾರಾ ಬದಲಾಗುವ ಕಡೆ, ಅಂದರೆ ರೈತರು ನಿಜವಾಗಿ ವಿಷಯ ಬದಲಿಸಿದ ಕಡೆ, ಆಲ್ಟ್ ಎಂಟರ್ ಉಳಿಸಿಕೊಂಡೆವು. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸಾಲು ಮುರಿಯಲಿ, ಕಾಲಂ ಮುಗಿಯುವ ಜಾಗದಲ್ಲಿ ಬೇಡ.

ಇವುಗಳ ಜೊತೆಗೆ ಸಣ್ಣ ತೊಡಕುಗಳೂ ಇದ್ದವು. ಅಡ್ಡಗೆರೆ ಹಾಕಿ ಪಟ್ಟಿಯಂತೆ ಬರೆಯಲು ಹೋದವರ ಸೆಲ್ ದೋಷ ತೋರಿಸಿತು, ಏಕೆಂದರೆ ಅಡ್ಡಗೆರೆಯಿಂದ ಶುರುವಾದದ್ದನ್ನು ಎಕ್ಸೆಲ್ ಲೆಕ್ಕದ ಸೂತ್ರ ಎಂದುಕೊಳ್ಳುತ್ತದೆ. ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಇಟ್ಟರೆ ಸರಿಹೋಗುತ್ತದೆ. ನಾಟಿಯ ಅಂತರ "6-8" ಅಂಗುಲ ಎಂದು ಬರೆದದ್ದು ಆಗಸ್ಟ್ 6 ಆಯಿತು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದ 31 ರೋಗಳನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಅದಲುಬದಲಾದ ಕಡೆಗಳನ್ನು ಕೈಯಲ್ಲಿ ತಿದ್ದಿದೆವು. ವಿನ್ಯಾಸವಿಲ್ಲದ ಬರಿ ಬರಹದ ಪ್ರತಿಯನ್ನು (ಸಿಎಸ್‌ವಿ) ಇಟ್ಟುಕೊಳ್ಳುವಾಗ ಮಾಮೂಲಿ ಸಿಎಸ್‌ವಿ ಆರಿಸಿದ್ದರಿಂದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು; ಯುಟಿಎಫ್-8 ಎಂದಿರುವ ಸಿಎಸ್‌ವಿಯನ್ನೇ ಆರಿಸಬೇಕಿತ್ತು.

ಕನ್ನಡ ಅಕ್ಷರವನ್ನು ಕಂಪ್ಯೂಟರ್ ಎಣಿಸುವ ರೀತಿ

ಉದ್ದ ಮಾತಿನ ಮೊದಲ 150 ಅಕ್ಷರವನ್ನು ಸೂತ್ರದಿಂದ ಕತ್ತರಿಸಿ ಸಾರಾಂಶದಂತೆ ತೋರಿಸೋಣ ಎಂದು ಒಬ್ಬ ಗೆಳೆಯ ಹೇಳಿದ. ಇಂಗ್ಲಿಷ್ ಶೀಟುಗಳಲ್ಲಿ ಎಲ್ಲರೂ ಮಾಡುವ ಕೆಲಸ. ಲೆಫ್ಟ್ ಎಂಬ ಫಂಕ್ಷನ್‌ಗೆ ಎಷ್ಟು ಅಕ್ಷರ ಎಂದು ಹೇಳಿದರೆ ಅಷ್ಟನ್ನು ಕೊಡುತ್ತದೆ. ಬಂದ ಸಾರಾಂಶಗಳನ್ನು ನೋಡಿದರೆ, ಕೆಲವು "ರತ್" ಎಂದು ಮುಗಿದಿದ್ದವು, ಕೆಲವು ಕೊಂಬು ಕಳೆದುಕೊಂಡಿದ್ದವು.

ನಮ್ಮ ಕಣ್ಣಿಗೆ ರತ್ನಚೂಡಿ ನಾಲ್ಕು ಅಕ್ಷರ: ರ, ತ್ನ, ಚೂ, ಡಿ. ಉದ್ದ ಎಣಿಸುವ ಲೆನ್ ಫಂಕ್ಷನ್ ಕೇಳಿದರೆ 8 ಎನ್ನುತ್ತದೆ. ರ, ತ, ಅರ್ಧಾಕ್ಷರದ ಗುರುತು, ನ, ಚ, ಕೊಂಬಿನ ದೀರ್ಘ, ಡ, ಗುಡಿಸು ಎಲ್ಲವೂ ಅದಕ್ಕೆ ಬೇರೆ ಬೇರೆ. ಮೂರರಲ್ಲಿ ಕತ್ತರಿಸಿದರೆ ತ್ನದ ಹೊಟ್ಟೆಯಲ್ಲೇ ಕತ್ತರಿ ಬೀಳುತ್ತದೆ. ಅಜ್ಜನ ಮಾತು 2,914 ಎಂದೆನಲ್ಲ, ಅದೂ ಈ ಲೆಕ್ಕದ್ದೇ. ನಾವು ಓದುವ ಅಕ್ಷರಗಳಲ್ಲಿ ಎಣಿಸಿದರೆ ಅದಕ್ಕಿಂತ ಬಹಳ ಕಡಿಮೆ. ಸೆಲ್‌ಗೆ ಇಷ್ಟು ಅಕ್ಷರದ ಮಿತಿ ಎಂದು ಯಾರಾದರೂ ಹೇಳಿದಾಗ ಕನ್ನಡದವರು ಅದನ್ನು ಅರ್ಧವೆಂದೇ ಹಿಡಿಯುವುದು ಕ್ಷೇಮ.

ಎತ್ತರದ ವಿಷಯದಲ್ಲೂ ನಮ್ಮ ಲಿಪಿಗೆ ತನ್ನದೇ ಬೇಡಿಕೆ ಇದೆ. ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತದೆ. ರೋದ ಎತ್ತರವನ್ನು ಕೈಯಲ್ಲಿ ಇಷ್ಟೇ ಎಂದು ನಿಗದಿ ಮಾಡಿದ ಕಡೆ, ಕೊನೆಯ ಸಾಲಿನ ಒತ್ತುಗಳ ಬಾಲ ಹೋಗಿರುತ್ತಿತ್ತು. "ಅಕ್ಕಿ"ಯ ಒತ್ತು ಅರ್ಧ ಹೋದರೆ ಓದುವವರು ಊಹಿಸಿಕೊಳ್ಳಬೇಕು. ಬೇಕೆನಿಸಿದ ಎತ್ತರಕ್ಕೆ ಇನ್ನೊಂದು 6ರಿಂದ 8 ಪಾಯಿಂಟ್ ಸೇರಿಸುವುದನ್ನು ಅಭ್ಯಾಸ ಮಾಡಿಕೊಂಡೆವು. ಜೊತೆಗೆ ಇಡೀ ಶೀಟನ್ನು ಮೇಲಂಚಿಗೆ ಹೊಂದಿಸಿದೆವು. ಎಕ್ಸೆಲ್ ಆಗಲಿ ಗೂಗಲ್ ಶೀಟ್ಸ್ ಆಗಲಿ ಸುಮ್ಮನೆ ಬಿಟ್ಟರೆ ಬರಹವನ್ನು ಸೆಲ್‌ನ ತಳಕ್ಕೆ ಕೂರಿಸುತ್ತವೆ. ಉದ್ದ ಮಾತಿನ ರೋದಲ್ಲಿ ತಳಿಯ ಹೆಸರು ಎಲ್ಲೋ ಕೆಳಗೆ, ಅದರ ಮಾತು ಎಲ್ಲೋ ಮೇಲೆ ಶುರುವಾಗಿ, ಯಾವ ಮಾತು ಯಾವ ತಳಿಯದು ಎಂದು ತಡಕಾಡಬೇಕಾಗುತ್ತದೆ. ಒಂದು ಗುಂಡಿ ಒತ್ತಿದರೆ ಪರಿಹಾರವಾಗುವ ಈ ತೊಂದರೆಯನ್ನು ನಾವು ಎಷ್ಟೋ ತಿಂಗಳು ಸಹಿಸಿಕೊಂಡಿದ್ದೆವು.

ಕಾಣದ ಅಕ್ಷರಗಳ ಬಗ್ಗೆಯೂ ಇಲ್ಲೇ ಹೇಳಬೇಕು. ವಾಟ್ಸಾಪ್‌ನಿಂದ, ವೆಬ್ ಪುಟಗಳಿಂದ ನಕಲು ಮಾಡಿ ಅಂಟಿಸಿದ ಬರಹದಲ್ಲಿ ಅಗಲವೇ ಇಲ್ಲದ ಜಾಗ, ಸಾಲು ಮುರಿಯದ ಜಾಗ ಎಂಬಂಥವು ಬಂದು ಸೇರುತ್ತವೆ. ಹೆಚ್ಚಿನ ಖಾಲಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್ ಅವನ್ನು ಮುಟ್ಟುವುದಿಲ್ಲ. ಅವುಗಳ ಸಂಕೇತಗಳಾದ 8203 ಮತ್ತು 160ನ್ನು ಸಬ್‌ಸ್ಟಿಟ್ಯೂಟ್‌ನಿಂದ ತೆಗೆದೆವು. ಅದೇ ಉತ್ಸಾಹದಲ್ಲಿ 8204 ಮತ್ತು 8205ನ್ನೂ ತೆಗೆಯಬಾರದು. ಅಕ್ಷರಗಳು ಎಲ್ಲಿ ಕೂಡಬಾರದು, ಅರ್ಕಾವೊತ್ತು ಎಲ್ಲಿ ಬೀಳಬೇಕು ಎಂಬುದನ್ನು ಹೇಳುವವೇ ಅವು. ತೆಗೆದರೆ ವಾಟ್ಸಾಪ್‌ನಿಂದ ಎಂಬ ಪದದ ರೂಪವೇ ಕೆಡುತ್ತದೆ.

ಸೂತ್ರದಿಂದ ಸಾರಾಂಶ ಕತ್ತರಿಸುವುದನ್ನು ಅಲ್ಲಿಗೆ ಕೈಬಿಟ್ಟೆವು. ಕತ್ತರಿ ಅಕ್ಷರದ ನಡುವೆ ಬೀಳದಂತೆ ಖಾಲಿ ಜಾಗ ನೋಡಿ ಕತ್ತರಿಸುವ ಸೂತ್ರ ಬರೆಯಬಹುದಿತ್ತು. ಆದರೆ ಅಕ್ಷರ ಉಳಿದರೂ ವಾಕ್ಯದ ಕೊನೆಯ "ಇಲ್ಲ" ಉಳಿಯುತ್ತಿರಲಿಲ್ಲ.

ಹುಡುಕುವುದಕ್ಕೆ ಶೀಟು, ಓದುವುದಕ್ಕೆ ಪುಟ

ನಾಲ್ಕನೇ ದಿನ ಕುಳಿತು ಬೇರೆ ಪ್ರಶ್ನೆ ಕೇಳಿಕೊಂಡೆವು: ಈ ಸೆಲ್‌ಗೆ ಬರುವವರು ಏನು ಮಾಡಲು ಬರುತ್ತಾರೆ? ಉತ್ತರ ಎರಡು ಇತ್ತು. ಬೀಜ ಬೇಕಾದವರು ಹುಡುಕಲು ಬರುತ್ತಾರೆ, ತಗ್ಗು ಗದ್ದೆಗೆ ಯಾವುದು, ಕಡಿಮೆ ನೀರಿಗೆ ಯಾವುದು ಎಂದು. ಇನ್ನು ಕೆಲವರು, ಮೇಳದ ದಿನ ಎಲ್ಲರೂ, ಓದಲು ಬರುತ್ತಾರೆ. ನಾವು ಒಂದೇ ಸೆಲ್‌ನಲ್ಲಿ ಎರಡನ್ನೂ ಮಾಡಿಸಲು ಹೋಗಿ ಎರಡನ್ನೂ ಕೆಡಿಸಿದ್ದೆವು. ಉದ್ದ ಬರಹ ಸೆಲ್‌ನಲ್ಲಿ ಇರಬಾರದು ಎಂದು ಹಲವರು ಹೇಳುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. ಎಂಟು ಜನ ಎಂಟು ಊರಿನಲ್ಲಿ ಕುಳಿತು ತುಂಬುವ ಕೆಲಸಕ್ಕೆ, ಒಂದು ತಳಿಯ ಎಲ್ಲ ವಿಷಯ ಒಂದೇ ರೋದಲ್ಲಿ ಇರುವುದಕ್ಕಿಂತ ಒಳ್ಳೆಯದಿಲ್ಲ. ಬರಹ ಅಲ್ಲಿಯೇ ಇರಲಿ. ಅದನ್ನು ಅಲ್ಲಿಯೇ ಓದಿಸಲು ಹೋಗಬಾರದು, ಅಷ್ಟೇ.

ಹಾಗಾಗಿ ಮೊದಲು ರೈತರ ಮಾತಿನೊಳಗೆ ಅಡಗಿದ್ದ, ಹುಡುಕಲು ಬೇಕಾದ ಸಂಗತಿಗಳನ್ನು ಹೊರಗೆ ತಂದೆವು. ಗದ್ದೆಯ ಬಗೆ, ನೆರೆ ತಡೆಯುತ್ತದೆಯೇ, ಉಪ್ಪು ತಡೆಯುತ್ತದೆಯೇ, ಗೊಬ್ಬರದ ಬಗ್ಗೆ ಏನು ಹೇಳಿದರು ಎಂಬ ನಾಲ್ಕು ಹೊಸ ಕಾಲಂ. ಪ್ರತಿಯೊಂದಕ್ಕೂ ಆರಿಸಿಕೊಳ್ಳುವ ಪಟ್ಟಿ, ಯಾಕೆಂದರೆ ಒಬ್ಬರು ನೆರೆಗುಳಿ ಎಂದು, ಇನ್ನೊಬ್ಬರು ನೆರೆಗೂಳಿ ಎಂದು ಬರೆದು ಪಟ್ಟ ಕಷ್ಟ ನಮಗೆ ಸಾಕಾಗಿತ್ತು. ಕಗ್ಗದ ರೋದಲ್ಲಿ ಗೊಬ್ಬರದ ಕಾಲಂ ಈಗ "ಹಾಕಬಾರದು" ಎನ್ನುತ್ತದೆ, ಒಂದೇ ಪದ, ಕತ್ತರಿಸಲು ಅಲ್ಲಿ ಏನೂ ಇಲ್ಲ.

ಆಮೇಲೆ "ಸಾರ" ಎಂಬ ಕಾಲಂ. ಮಾತನ್ನು ಕೇಳಿ ಬರೆದವರೇ ಎರಡು ವಾಕ್ಯದಲ್ಲಿ ಸಾರ ಬರೆಯಬೇಕು, ಲೆನ್ ಲೆಕ್ಕದಲ್ಲಿ 200 ದಾಟಬಾರದು. ಡೇಟಾ ವ್ಯಾಲಿಡೇಶನ್‌ನಲ್ಲಿ ಉದ್ದದ ಮಿತಿ ಇಟ್ಟೆವು, ದಾಟಿದರೆ ಶೀಟೇ ತಡೆಯುತ್ತದೆ. 118 ಸಾರ ಬರೆಯಲು ಎಂಟು ಜನಕ್ಕೆ ಎರಡು ಸಂಜೆ ಹಿಡಿಯಿತು. ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕ ಅನಿಸಿದ ಹೊತ್ತು ಅದು. ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದಾಗ, ಟೈಪ್ ಮಾಡುವಾಗ ತಪ್ಪಿಸಿಕೊಂಡಿದ್ದ ಎಷ್ಟೋ ಮಾತು ಸಿಕ್ಕಿದವು.

ಪೂರ್ತಿ ಮಾತಿನ ಕಾಲಂ ಬಲತುದಿಗೆ ಹೋಯಿತು, ರ‍್ಯಾಪ್ ತೆಗೆದೆವು. ಗೂಗಲ್ ಶೀಟ್ಸ್‌ನಲ್ಲಿ ಕ್ಲಿಪ್ ಎಂಬ ಆಯ್ಕೆ ಇದೆ, ಬರಹ ಸೆಲ್‌ನ ಅಂಚಿಗೇ ನಿಲ್ಲುತ್ತದೆ, ರೋಗಳೆಲ್ಲ ಸಮ ಎತ್ತರ ಇರುತ್ತವೆ. ಎಕ್ಸೆಲ್‌ನಲ್ಲಿ ಹಾಗೊಂದು ಗುಂಡಿ ಇಲ್ಲ. ಅಡ್ಡ ಹೊಂದಾಣಿಕೆಯಲ್ಲಿ ಫಿಲ್ ಎಂಬುದನ್ನು ಆರಿಸಿದರೆ ಅದೇ ಕೆಲಸ ಆಗುತ್ತದೆ. ಒಂದು ಎಚ್ಚರಿಕೆ: ಬರಹ ಚಿಕ್ಕದಿದ್ದರೆ ಫಿಲ್ ಅದನ್ನೇ ಮತ್ತೆ ಮತ್ತೆ ಬರೆದು ಸೆಲ್ ತುಂಬಿಸಿ ತೋರಿಸುತ್ತದೆ. ಉದ್ದ ಬರಹದ ಕಾಲಂಗೆ ಮಾತ್ರ ಬಳಸಿ.

ಓದುವ ಪುಟಕ್ಕೆ ವರ್ಡ್‌ನ ಮೇಲ್ ಮರ್ಜ್ ಬಳಸಿದೆವು, ವಿಳಾಸದ ಚೀಟಿ ಮಾಡಲು ಬಳಸುವ ಅದೇ ವ್ಯವಸ್ಥೆ. ವರ್ಡ್‌ನಲ್ಲಿ ಒಂದು ಪುಟ ವಿನ್ಯಾಸ ಮಾಡಿ, ಹೆಸರಿನ ಜಾಗದಲ್ಲಿ ಹೆಸರಿನ ಕಾಲಂ, ಮಾತಿನ ಜಾಗದಲ್ಲಿ ಮಾತಿನ ಕಾಲಂ ಎಂದು ಗುರುತು ಹಾಕಿದರೆ ರೋಗೊಂದು ಪುಟ ತಯಾರಾಗುತ್ತದೆ. ಅಕ್ಷರ 14 ಪಾಯಿಂಟ್ ಇಟ್ಟೆವು. ಮಾತು ಒಂದು ಪುಟ ದಾಟಿದರೆ ಎರಡನೇ ಪುಟಕ್ಕೆ ತಾನೇ ಹರಿಯುತ್ತದೆ. ಸೆಲ್‌ಗೆ ಈ ಗುಣ ಇಲ್ಲ.

ಎರಡನೇ ಕತ್ತರಿ, ಮತ್ತು ಎರಡು ಗೆರೆಯ ಗುರುತು

ಇಷ್ಟೆಲ್ಲ ಆದಮೇಲೂ ಮಾತು ಮತ್ತೆ ತುಂಡಾಯಿತು. ಈ ಸಲ ನಾವು ಹಿಡಿದೆವು, ಹೇಗೆ ಹಿಡಿದೆವು ಎಂಬುದನ್ನು ಮೊದಲು ಹೇಳುತ್ತೇನೆ.

ಶಾಲೆಯ ಜಗಲಿಯ ಘಟನೆಯಾದ ಮೇಲೆ ನನಗಿದ್ದ ದೊಡ್ಡ ಭಯ, ಕತ್ತರಿ ಬಿದ್ದದ್ದು ನೋಡಿದರೆ ಗೊತ್ತಾಗುವುದಿಲ್ಲ ಎಂಬುದು. 118 ಹಾಳೆಯನ್ನು ಮೂಲದ ಜೊತೆ ಓದಿ ಹೋಲಿಸಲು ಸಮಯ ಇರಲಿಲ್ಲ. ನಮ್ಮ ಕಡೆಯ ಶಿಲಾಶಾಸನಗಳಲ್ಲಿ ಎಷ್ಟೋ "ಮಂಗಳ ಮಹಾ ಶ್ರೀ" ಎಂದು ಮುಗಿಯುತ್ತವೆ. ಕಲ್ಲು ಒಡೆದಿದ್ದರೂ ಆ ಮೂರು ಪದ ಕಂಡರೆ ಕೊನೆ ಸಿಕ್ಕಿತು ಎಂದು ಓದುವವರಿಗೆ ಗೊತ್ತಾಗುತ್ತದೆ, ಕಾಣದಿದ್ದರೆ ಕೆಳಗೆ ಇನ್ನೂ ಇತ್ತು ಎಂದು ಗೊತ್ತಾಗುತ್ತದೆ. ನಾವೂ ಒಂದು ಕೊನೆಯ ಗುರುತು ಇಡೋಣ ಎಂದೆ. ಪದ್ಯದ ಕೊನೆಗೆ ಹಾಕುವ ಎರಡು ಗೆರೆ, ॥, ಆರಿಸಿದೆವು. ಮೂಲದ ಮಾತನ್ನು ಮುಟ್ಟದೆ, ಪಕ್ಕದ ಕಾಲಂನಲ್ಲಿ ಸೂತ್ರ ಬರೆದು ಮಾತಿನ ತುದಿಗೆ ॥ ಅಂಟಿಸಿದೆವು. ಪುಟಕ್ಕೆ ಹೋಗುವುದು ಆ ಕಾಲಂ. ಎರಡು ಗೆರೆ ಕಾಣದ ಪುಟ ಅಪೂರ್ಣ.

ಮೊದಲ ಸಲ ಮೇಲ್ ಮರ್ಜ್ ಓಡಿಸಿ ವರ್ಡ್‌ನಲ್ಲಿ ॥ ಎಷ್ಟು ಸಲ ಬಂದಿದೆ ಎಂದು ಎಣಿಸಿದೆವು. 118 ಬರಬೇಕಿತ್ತು, 14 ಬಂತು. ಉಳಿದ ಮಾತುಗಳೆಲ್ಲ 255ನೇ ಅಕ್ಷರಕ್ಕೆ ನಿಂತಿದ್ದವು.

ಇದರ ಒಳಗುಟ್ಟು ಹೀಗಿದೆ. ಮೇಲ್ ಮರ್ಜ್ ಎಕ್ಸೆಲ್ ಕಡತವನ್ನು ತೆರೆದಾಗ, ಒಂದು ಕಾಲಂನಲ್ಲಿ ಏನಿದೆ ಎಂದು ತಿಳಿಯಲು ಮೊದಲ 8 ರೋಗಳನ್ನು ನೋಡುತ್ತದೆ. ಅವುಗಳಲ್ಲಿ ಯಾವುದೂ 255 ಅಕ್ಷರ ದಾಟದಿದ್ದರೆ ಇದು ಚಿಕ್ಕ ಬರಹದ ಕಾಲಂ ಎಂದು ತೀರ್ಮಾನಿಸಿ, ಕೆಳಗೆ ಎಷ್ಟೇ ಉದ್ದ ಇದ್ದರೂ 255ಕ್ಕೆ ಕತ್ತರಿಸುತ್ತದೆ. ನಮ್ಮ ಶೀಟು ಅಕಾರಾದಿಯಲ್ಲಿತ್ತು, ಮೊದಲ ಎಂಟು ತಳಿಗಳ ಬಗ್ಗೆ ಸಿಕ್ಕಿದ್ದ ಮಾತು ಬಹಳ ಕಡಿಮೆ. ಪರಿಹಾರ ಅರ್ಧ ನಿಮಿಷದ್ದು. ಮಾತಿನ ಉದ್ದವನ್ನು ಲೆನ್‌ನಿಂದ ಒಂದು ಕಾಲಂಗೆ ತಂದು, ದೊಡ್ಡದು ಮೇಲೆ ಬರುವಂತೆ ವಿಂಗಡಿಸಿ ಉಳಿಸಿದೆವು. ಅಜ್ಜನ ಕಗ್ಗ ಮೊದಲ ರೋಗೆ ಬಂತು. ಮತ್ತೆ ಓಡಿಸಿದಾಗ 118 ಜಾಗದಲ್ಲೂ ॥ ಸಿಕ್ಕಿತು.

255 ಎಂಬ ಸಂಖ್ಯೆ ಎಕ್ಸೆಲ್‌ನಲ್ಲಿ ಬೇರೆ ಕಡೆಯೂ ಎದುರಾಗುತ್ತದೆ, ಗಮನದಲ್ಲಿರಲಿ. ಉದ್ದ ಬರಹವನ್ನೇ ಹುಡುಕುವ ಕೀಲಿಯಾಗಿಟ್ಟು ವಿ-ಲುಕಪ್ (ಪಟ್ಟಿಯಿಂದ ಹುಡುಕಿ ತರುವ ಫಂಕ್ಷನ್) ಮಾಡಿದರೆ 255 ದಾಟಿದ ಕಡೆ ದೋಷ ಬರುತ್ತದೆ. ಸೂತ್ರದ ಒಳಗೆ ನೇರವಾಗಿ ಬರೆಯುವ ಬರಹದ ತುಣುಕೂ 255 ದಾಟುವಂತಿಲ್ಲ. ಪ್ರತಿ ರೋಗೂ ಒಂದು ಚಿಕ್ಕ ಸಂಖ್ಯೆ ಕೊಟ್ಟು ಅದನ್ನೇ ಕೀಲಿ ಮಾಡಿಕೊಳ್ಳಿ.

ಮುದ್ರಣಕ್ಕೆ ಹೋಗುವ ಮುನ್ನ ಎಲ್ಲವನ್ನೂ ಪಿಡಿಎಫ್ ಮಾಡಿದೆವು. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಇತ್ತು. ನಾವು ಬಳಸಿದ ನಿರ್ಮಲಾ ಫಾಂಟ್ ವಿಂಡೋಸ್ 8ರಿಂದ ಈಚೆಗೆ ಬಂದದ್ದು. ವರ್ಡ್ ಕಡತವನ್ನೇ ಒಯ್ದಿದ್ದರೆ ಅಲ್ಲಿ ತುಂಗಾದಂಥ ಬೇರೆ ಫಾಂಟ್ ಕೂತು ಸಾಲುಗಳೆಲ್ಲ ಕದಲಿರುತ್ತಿದ್ದವು. ಮುದ್ರಣವಾದ ಮೇಲೆ ಇಬ್ಬರು ಕುಳಿತು ಕಾಗದದ ಮೇಲೂ ಎರಡು ಗೆರೆಗಳನ್ನು ಬೆರಳಿಟ್ಟು ಎಣಿಸಿದರು.

ಮೇಳದ ಬೆಳಗ್ಗೆ ಕಗ್ಗದ ಎರಡು ಹಾಳೆ ಅಕ್ಕಪಕ್ಕ ತೂಗುತ್ತಿದ್ದವು, ಕೆಳಗೆ ಬುಟ್ಟಿಯಲ್ಲಿ ಬೀಜ. ಮೊಮ್ಮಗಳು ಮತ್ತೆ ಓದಿದಳು. "ಗೊಬ್ಬರ ಹಾಕೂದಿಲ್ಲ" ಎಂಬುದು ಬಂದಾಗ ಅಜ್ಜ ಪಕ್ಕದಲ್ಲಿದ್ದವರ ಕಡೆ ನೋಡಿ ತಲೆಯಾಡಿಸಿದರು. ಎರಡನೇ ಹಾಳೆ ಮುಗಿದು ಅವಳು ನಿಲ್ಲಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂಗೀ, ಸಿಗಡಿದು ಹೇಳಲೇ ಇಲ್ಲ ನಾನು" ಅಂದರು. ಕೊಯ್ಲಾದ ಮೇಲೆ ಗಜನಿಗೆ ಉಪ್ಪು ನೀರು ಬಿಡುವುದು, ಕಗ್ಗದ ಕೂಳೆ ಕೊಳೆತು ಸಿಗಡಿಗೂ ಮೀನಿಗೂ ಮೇವಾಗುವುದು, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುವುದು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದರು. ಮೊಬೈಲ್ ತೆಗೆದು ಅದೇ ರೋದ ಅದೇ ಸೆಲ್‌ಗೆ ಬರೆದುಕೊಂಡೆ. ಈಗ ಅದರ ಉದ್ದ 3,380.